ಹುಣಸೇಕಟ್ಟೆಯ ಕೆಳಬೀದಿ ಹಸಿರಾದ ಮಳೆಗಾಲ

ಮೊನ್ನೆ ವಿಜಯನಗರದ ಮೆಟ್ರೊ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಜಾಹೀರಾತು ಕಂಡಿತು. ರಾಜ್ಯದ ನಕ್ಷೆ, ಅದರ ತುಂಬ ಹಸಿರು ಬಣ್ಣ, ಕೆಳಗೆ ಮೂಲೆಮೂಲೆಗೂ ಇಂಟರ್ನೆಟ್ ತಲುಪಿದೆ ಎಂಬ ಮಾತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ನೋಡಲು ಚೆನ್ನಾಗಿಯೇ ಇತ್ತು. ನನಗೆ ಮಾತ್ರ ಮೈ ಉರಿಯಿತು. ಆ ಹಸಿರನ್ನು ಹೇಗೆ ತುಂಬುತ್ತಾರೆ ಎಂಬುದನ್ನು ನಾನು ಹತ್ತಿರದಿಂದ ಕಂಡವಳು. ರೈಲು ಬಂತು, ಹತ್ತಿ ಕೂತೆ. ಕೆಂಗೇರಿ ಬರುವವರೆಗೂ ತಲೆಯಲ್ಲಿ ಆ ಒಂದು ಮಳೆಗಾಲವೇ ಓಡುತ್ತಿತ್ತು.

ಆಗ ನಾನೂ ನನ್ನ ಅಣ್ಣ ಶಿವಣ್ಣನೂ ಸೇರಿ ಒಂದು ಸಣ್ಣ ಇಂಟರ್ನೆಟ್ ಕಂಪನಿ ನಡೆಸುತ್ತಿದ್ದೆವು. ಕಂಪನಿ ಎಂದರೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆ, ಅದರ ಮೇಲೊಂದು ಕಬ್ಬಿಣದ ಕಂಬ. ತಂತಿ ಎಳೆಯದೆ, ಒಂದು ಟೆರೇಸಿನ ಡಿಶ್‌ನಿಂದ ಇನ್ನೊಂದು ಟೆರೇಸಿನ ಡಿಶ್‌ಗೆ ಗಾಳಿಯಲ್ಲೇ ಇಂಟರ್ನೆಟ್ ದಾಟಿಸುವುದು ನಮ್ಮ ಕೆಲಸ. ದೊಡ್ಡ ಕಂಪನಿಗಳು ರಸ್ತೆ ಅಗೆದು ಕೇಬಲ್ ಹಾಕಲು ಮನಸ್ಸು ಮಾಡದ ಜಾಗಗಳಲ್ಲೇ ನಮ್ಮ ಗಿರಾಕಿಗಳಿದ್ದರು. ನಾಗರಬಾವಿಯ ಹಿಂದಿನ ಹೊಸ ಬಡಾವಣೆಗಳು, ಮಾಗಡಿ ರಸ್ತೆಯ ಆಚೆಯ ಗೋದಾಮುಗಳು, ಕೆಂಗೇರಿ ಸುತ್ತಿನ ಹಳೇ ಊರುಗಳು. ಈ ಕೆಲಸದಲ್ಲಿ ಡಿಶ್‌ಗೆ ಡಿಶ್ ಕಾಣಬೇಕು, ಅಷ್ಟೇ. ನಡುವೆ ಒಂದು ತೆಂಗಿನಮರ ಎದ್ದರೂ ಸಾಕು, ಆಚೆ ಮನೆಯವರು ಫೋನ್ ಮಾಡಿ ಬೈಯಲು ಶುರು ಮಾಡುತ್ತಿದ್ದರು.

ಅಣ್ಣ ಟೆರೇಸು ಹತ್ತುತ್ತಿದ್ದ. ಬೈಗುಳ ಕೇಳುವುದು, ಬಿಲ್ಲು ಬರೆಯುವುದು, ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ವರದಿ ಕಳಿಸುವುದು ನನ್ನ ಪಾಲು. ಯಾವ ಊರಿನ ಯಾವ ಭಾಗದಲ್ಲಿ ನಮ್ಮ ಇಂಟರ್ನೆಟ್ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಸಿಗುವಲ್ಲಿ ವೇಗ ಎಷ್ಟು, ಇದೇ ಆ ವರದಿ. ಸರ್ಕಾರದ ಇಂಟರ್ನೆಟ್ ನಕ್ಷೆಗೆ ಬಣ್ಣ ತುಂಬುತ್ತಿದ್ದದ್ದು ಇಂಥ ವರದಿಗಳಿಂದಲೇ. ನನ್ನ ಹಾಗೆ ಇದನ್ನು ತಲೆಕೆಡಿಸಿಕೊಂಡು ಮಾಡುವವರು ಯಾರೂ ಇಲ್ಲ ಎಂದು ಅಣ್ಣ ನಗುತ್ತಿದ್ದ. ಮದುವೆಗೆ ಮುಂಚೆ ಬಸವೇಶ್ವರನಗರದ ಒಂದು ಸಣ್ಣ ಶಾಲೆಯಲ್ಲಿ ಕೆಲವು ವರ್ಷ ಭೂಗೋಳ ಹೇಳಿಕೊಟ್ಟಿದ್ದೆ. ನಕ್ಷೆ ಎಂದರೆ ನನಗೆ ಆಗಿನಿಂದಲೂ ಗೌರವ. ಇಲ್ಲದ ಕೆರೆಯನ್ನು ಇದೆ ಎಂದು ಬರೆದ ಮಕ್ಕಳ ಅಂಕ ಕಳೆದವಳು ನಾನು. ಇಲ್ಲದ ಇಂಟರ್ನೆಟ್ಟನ್ನು ಇದೆ ಎಂದು ನಾನೇ ಬರೆಯುವುದು ಹೇಗೆ?

ಹುಣಸೇಕಟ್ಟೆ ಕೆಂಗೇರಿಯಿಂದ ಸ್ವಲ್ಪ ಆಚೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಊರು, ಈಗ ಹೊಲಗಳೆಲ್ಲ ಸೈಟುಗಳಾಗಿವೆ. ಊರಿಗೆ ಎರಡು ಬೀದಿ. ದಿಬ್ಬದ ಮೇಲೆ ಮೇಲ್ಬೀದಿ. ನೀರಿನ ಟ್ಯಾಂಕು, ಬಸ್ ಸ್ಟಾಪು, ಅಂಗಡಿಗಳು, ಜಮೀನು ಮಾರಿ ಕಟ್ಟಿಸಿದ ಎರಡಂತಸ್ತಿನ ಮನೆಗಳು ಎಲ್ಲ ಅಲ್ಲೇ. ಅಲ್ಲಿಂದ ಕಡಿದಾದ ಇಳಿಜಾರು ಇಳಿದರೆ ಹಳೇ ಕಲ್ಲುಕ್ವಾರಿಯ ತಗ್ಗಿನಲ್ಲಿ ಕೆಳಬೀದಿ. ಅಲ್ಲಿ ಹಂಚಿನ ಮನೆಗಳು, ಶೀಟಿನ ಮನೆಗಳು, ಕಟ್ಟಡ ಕೆಲಸಕ್ಕೂ ಗಾರ್ಮೆಂಟ್ಸಿಗೂ ಹೋಗುವ ಬಾಡಿಗೆಯವರು, ಮತ್ತೆ ಒಂದು ಅಂಗನವಾಡಿ. ಒಂದು ಕಡೆ ಕ್ವಾರಿಯ ಬಂಡೆ, ಇನ್ನೊಂದು ಕಡೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟು. ನಡುವೆ ಸಿಕ್ಕಿಕೊಂಡ ಆ ತಗ್ಗಿನಲ್ಲಿ ಮೊಬೈಲ್ ಕೂಡ ಉಸಿರಾಡುತ್ತಿರಲಿಲ್ಲ. ಮೇಲ್ಬೀದಿಗೆ ನಮ್ಮ ಇಂಟರ್ನೆಟ್ ಇತ್ತು, ಕೆಳಬೀದಿಗೆ ಇರಲಿಲ್ಲ.

ಇದನ್ನು ನನಗೆ ತೋರಿಸಿದವರು ಗೌರಮ್ಮ. ಕೆಳಬೀದಿಯ ಅಂಗನವಾಡಿ ಕಾರ್ಯಕರ್ತೆ, ಊರಿಗೆಲ್ಲ ಟೀಚರ್. ಆ ವರ್ಷ ಮುಂಗಾರು ಶುರುವಾದ ಹೊಸತರಲ್ಲಿ ಅವರು ನಮ್ಮ ಮಹಡಿ ಹತ್ತಿ ಬಂದರು. ಐವತ್ತು ದಾಟಿದ ಹೆಂಗಸು, ನೀಟಾಗಿ ಪಿನ್ನು ಹಾಕಿದ ಸೀರೆ, ಕೈಯಲ್ಲಿ ಇಲಾಖೆ ಕೊಟ್ಟ ಫೋನು.

"ಮೇಡಂ, ನಮ್ ಸೆಂಟರ್‌ಗೆ ಒಂದು ಕನೆಕ್ಷನ್ ಬೇಕಿತ್ತು. ಮೊದ್ಲು ಹಾಜರಿ ಮಾತ್ರ ಆಪ್‌ನಲ್ಲಿ ಹಾಕ್ತಿದ್ವಿ. ಈಗ ಬಸುರಿಯರಿಗೆ, ಬಾಣಂತಿಯರಿಗೆ ರೇಷನ್ ಕೊಡ್ಬೇಕಾದ್ರೂ ಅವರ ಮುಖ ಫೋನಿಗೆ ತೋರಿಸ್ಬೇಕು. ಫೋನು ಇವಳೇ ಅವಳು ಅಂತ ಒಪ್ಕೊಂಡ್ರೆ ಮಾತ್ರ ಕೊಡ್ಬೇಕು."

"ಒಪ್ಕೊಳ್ಳಲ್ವಾ?"

"ನೆಟ್‌ವರ್ಕ್ ಇದ್ರೆ ತಾನೇ ಒಪ್ಕೊಳ್ಳೋದು? ತುಂಬಿದ ಬಸುರಿಯರ್ನೆಲ್ಲ ಸಾಲಾಗಿ ನಿಲ್ಲಿಸ್ಕೊಂಡು ಮೇಲ್ಬೀದಿ ಟ್ಯಾಂಕ್ ಹತ್ರ ಕರ್ಕೊಂಡು ಹೋಗ್ತೀನಿ. ಜನ ನೋಡಿ ನಗ್ತಾರೆ. ಮಳೆ ಬಂದ್ರೆ ಆ ಇಳಿಜಾರಲ್ಲಿ ಆಡು ಕೂಡ ಜಾರತ್ತೆ."

ಮಾರನೇ ದಿನವೇ ಅಣ್ಣ ಏಣಿ ತೆಗೆದುಕೊಂಡು ಹೋದ. ಸಂಜೆ ಸಪ್ಪೆ ಮುಖ ಮಾಡಿಕೊಂಡು ಬಂದ. ಮೇಲ್ಬೀದಿಯ ಡಿಶ್‌ನಿಂದ ಅಂಗನವಾಡಿ ಕಾಣುವುದೇ ಇಲ್ಲ. ಇಳಿಜಾರಿನ ನಡುವೆ ಇರುವ ಮುನಿಯಪ್ಪನವರ ಮೂರಂತಸ್ತಿನ ಮನೆಯ ಮೇಲೆ ಒಂದು ಕಂಬ ನಿಲ್ಲಿಸಿದರೆ ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಆದರೆ ಕಂಬ ಸಿಡಿಲು ಎಳೆಯುತ್ತದೆ ಎಂದು ಮುನಿಯಪ್ಪನವರ ಹೆಂಡತಿ ಖಡಾಖಂಡಿತವಾಗಿ ಬೇಡ ಅಂದಿದ್ದರು.

ಆ ಸಲದ ವರದಿಯಲ್ಲಿ ನಾನು ಹುಣಸೇಕಟ್ಟೆಗೆ ಎರಡು ಸಾಲು ಬರೆದೆ. ಮೇಲ್ಬೀದಿ: ಇದೆ. ಕೆಳಬೀದಿ: ಇಲ್ಲ. ಈ 'ಇಲ್ಲ' ಎಂಬುದಕ್ಕೆ ಬೆಲೆ ಇತ್ತು. ಯಾರೂ ಸೇವೆ ಕೊಡದ ಜಾಗಗಳಿಗೆ ಸರ್ಕಾರವೇ ಮೊದಲು ಕೇಬಲ್ ತರಬೇಕು, ಅಂಗನವಾಡಿಗೂ ಶಾಲೆಗೂ ಮೊದಲು ಕೊಡಬೇಕು ಎಂಬುದು ಯೋಜನೆ. ನಮ್ಮಿಂದ ಆಗದಿದ್ದರೆ ಅವರಾದರೂ ಕೊಡಲಿ ಎಂದು ಬಲವಾಗಿಯೇ 'ಇಲ್ಲ' ಬರೆದು, ಕಾರಣ ವಿವರಿಸಿ ಒಂದು ಪತ್ರವನ್ನೂ ಜೊತೆಗಿಟ್ಟೆ.

ಕೆಲವು ದಿನಗಳ ಮೇಲೆ ವರದಿ ತೆಗೆದುಕೊಳ್ಳುವ ಕಚೇರಿಯಿಂದ ಪ್ರಕಾಶ್ ಎಂಬ ಅಧಿಕಾರಿ ಫೋನ್ ಮಾಡಿದರು. ನಯವಾದ ದನಿ.

"ಮೇಡಂ, ಹುಣಸೇಕಟ್ಟೆಗೆ ನೀವು ಎರಡು ಸಾಲು ಹಾಕಿದೀರ. ಪೋರ್ಟಲ್ ಒಂದು ಊರಿಗೆ ಒಂದೇ ಸಾಲು ತಗೊಳ್ಳೋದು. ನಾವೇ ಒಂದು ಮಾಡಿದೀವಿ."

"ಒಂದು ಮಾಡಿ ಏನಂತ ಹಾಕಿದ್ರಿ ಸಾರ್?"

"ಇದೆ ಅಂತ. ಊರಲ್ಲಿ ಒಂದು ಮನೆಗೆ ಇದ್ರೂ ಊರಿಗೆ ಇದೆ ಅಂತಾನೇ ಲೆಕ್ಕ ಮೇಡಂ."

"ಹಂಗಾದ್ರೆ ಕೆಳಬೀದಿಯವರು?"

"ಅವರೂ ಅದೇ ಊರವರೇ ಅಲ್ವಾ?" ಎಂದು ನಕ್ಕರು. "ನಿಮ್ಗೂ ಒಳ್ಳೇದೇ ಮೇಡಂ. ನಿಮ್ಮ ಕವರೇಜ್ ಜಾಸ್ತಿ ಕಾಣತ್ತೆ."

ನಾನು ಒಪ್ಪುವುದಿಲ್ಲ ಎಂದೆ. ಮತ್ತೆ ಪತ್ರ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಆಷಾಢದ ಗಾಳಿಗೆ ನಮ್ಮ ಡಿಶ್‌ಗಳೆಲ್ಲ ಅತ್ತಿತ್ತ ತಿರುಗಿ, ಅಣ್ಣ ದಿನವಿಡೀ ಒಂದಲ್ಲ ಒಂದು ಟೆರೇಸಿನ ಮೇಲೇ ಇರುತ್ತಿದ್ದ. ನನಗೆ ಫೋನು ಕಿವಿಯಿಂದ ಇಳಿಸಲು ಪುರುಸೊತ್ತಿರಲಿಲ್ಲ. ಹುಣಸೇಕಟ್ಟೆ ಅಷ್ಟಕ್ಕೇ ನಿಂತಿತು ಅಂದುಕೊಂಡಿದ್ದೆ.

ನಿಂತಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ, ಹಿಂದಿನ ದಿನವೆಲ್ಲ ಸುರಿದ ಮಳೆ ಹೊಳವಾದ ಮೇಲೆ, ಗೌರಮ್ಮ ಐದಾರು ಹೆಂಗಸರನ್ನು ಕರೆದುಕೊಂಡು ಇಳಿಜಾರು ಹತ್ತುತ್ತಿದ್ದರು. ಎಲ್ಲರಿಗೂ ಟ್ಯಾಂಕಿನ ಹತ್ತಿರ ಫೋನಿಗೆ ಮುಖ ತೋರಿಸಿ ಬರುವ ಕೆಲಸ. ಅವರಲ್ಲಿ ಸವಿತಾ ಎಂಬ ಹುಡುಗಿಗೆ ಏಳು ತಿಂಗಳು ತುಂಬಿತ್ತು. ಮುನಿಯಪ್ಪನವರ ಮನೆಯ ನೆಲಮಹಡಿಯಲ್ಲೇ ಬಾಡಿಗೆಗಿದ್ದವಳು. ಅವಳ ಗಂಡ ಕುಂಬಳಗೋಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಅವಳ ಕಾಲು ಜಾರಿತು. ಹೊಟ್ಟೆ ನೆಲಕ್ಕೆ ತಾಗದಂತೆ ಕೈ ಊರಿದಳು, ಕೈ ಮುರಿಯಿತು.

ಮಗುವಿಗೆ ಏನೂ ಆಗಲಿಲ್ಲ. ಅದು ಗೊತ್ತಾಗಲು ಒಂದು ಇಡೀ ದಿನ ಹಿಡಿಯಿತು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ಗೌರಮ್ಮ ಕೂತಿದ್ದರಂತೆ, ಯಾರು ಕಾಫಿ ಕೊಟ್ಟರೂ ಮುಟ್ಟದೆ. ಒಳಗಿನಿಂದ ನರ್ಸ್ ಬಂದು ಎದೆಬಡಿತ ಚೆನ್ನಾಗಿದೆ ಅಂದ ಮೇಲೆ ಎದ್ದು ಹೋಗಿ ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದುಕೊಂಡು ಬಂದು ಸವಿತಾಳ ಅತ್ತೆಗೆ, "ಇನ್ಮೇಲೆ ಒಬ್ಳನ್ನೂ ಹತ್ತಿಸಲ್ಲ ಕಣಮ್ಮ. ಏನ್ ಮಾಡ್ತಾರೋ ಮಾಡ್ಲಿ," ಅಂದರಂತೆ.

ಮಾತಿನಂತೆ ನಡೆದುಕೊಂಡರು. ಆ ತಿಂಗಳಿನಿಂದ ಕೆಳಬೀದಿಯ ಬಸುರಿಯರಿಗೆ, ಬಾಣಂತಿಯರಿಗೆ ಮೊಟ್ಟೆ, ಬೆಲ್ಲ, ಬೇಳೆ ಎಲ್ಲ ಮುಖ ತೋರಿಸದೆಯೇ ಸಿಕ್ಕಿತು. ಎಷ್ಟೋ ವರ್ಷದಿಂದ ಮನೆಮನೆ ತಿರುಗಿ ಗೊತ್ತಿರುವ ಮುಖಗಳು. ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡು ಕೊಟ್ಟು ಕಳಿಸಿದರು.

ಗಣೇಶನ ಹಬ್ಬ ಮುಗಿದ ವಾರ ಅವರು ಮತ್ತೆ ನಮ್ಮ ಮಹಡಿ ಹತ್ತಿ ಬಂದರು. ಈ ಸಲ ಪಿನ್ನು ಹಾಕಿದ ಸೀರೆಯ ಸೆರಗು ಒಂದು ಕಡೆ ಜಾರಿತ್ತು. ಕೂರಲಿಲ್ಲ. ಒಂದು ಕಾಗದ ನನ್ನ ಮೇಜಿನ ಮೇಲಿಟ್ಟು, "ಓದಿ ಮೇಡಂ. ನಿಮ್ ಹೆಸ್ರೂ ಇದೆ," ಅಂದರು.

ಇಲಾಖೆಯ ನೋಟಿಸು. ಮುಖ ಪರಿಶೀಲನೆ ಮಾಡದೆ ಆಹಾರ ಸಾಮಗ್ರಿ ವಿತರಿಸಿದ್ದೀರಿ. ಸಾಮಗ್ರಿ ಫಲಾನುಭವಿಗಳಿಗೇ ತಲುಪಿದೆ ಎಂಬುದಕ್ಕೆ ಪುರಾವೆ ಇಲ್ಲ. ನೆಟ್‌ವರ್ಕ್ ಇಲ್ಲ ಎಂಬ ನಿಮ್ಮ ಸಮಜಾಯಿಷಿಯನ್ನು ಒಪ್ಪಲಾಗದು, ಏಕೆಂದರೆ ಅಧಿಕೃತ ಬ್ರಾಡ್‌ಬ್ಯಾಂಡ್ ವರದಿಯ ಪ್ರಕಾರ ಸದರಿ ಗ್ರಾಮವು ಪೂರ್ಣವಾಗಿ ವ್ಯಾಪ್ತಿಗೆ ಒಳಪಟ್ಟಿದೆ. ಮಾಹಿತಿಯ ಮೂಲ: ನಮ್ಮ ಕಂಪನಿಯ ಹೆಸರು. ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ವಿಚಾರಣೆಯ ದಿನ ಬಂದು ಉತ್ತರಿಸಿ.

ಎರಡು ಸಲ ಓದಿದೆ.

"ಕಳ್ಳಿ ಅಂತ ನೇರ ಬರ್ದಿಲ್ಲ," ಅಂದರು ಗೌರಮ್ಮ. "ಆದ್ರೆ ಅದೇ ಅರ್ಥ ಅಲ್ವಾ? ಮೊಟ್ಟೆ ಕದ್ದೋಳು ಅಂತ. ನಮ್ ಮೇಲ್ವಿಚಾರಕಿ ಎಲ್ರೆದುರಿಗೆ ಓದಿದ್ರು. ನೀವು ಇದೆ ಅಂತ ಯಾಕ್ ಬರೆದ್ರಿ ಮೇಡಂ?"

ನಾನು ಕಂಪ್ಯೂಟರ್ ತಿರುಗಿಸಿ ನಾನು ಕಳಿಸಿದ್ದ ವರದಿ ತೋರಿಸಿದೆ. ಎರಡು ಸಾಲು. ಕೆಳಬೀದಿ: ಇಲ್ಲ. ಅವರು ಕನ್ನಡಕ ಹಾಕಿಕೊಂಡು, ಪರದೆಯ ಹತ್ತಿರ ಬಾಗಿ, ಬೆರಳಿಟ್ಟು ಓದಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ನಾನು 'ಇಲ್ಲ' ಅಂದದ್ದನ್ನು 'ಇದೆ' ಮಾಡಿದ್ದು ಒಂದು ಅನ್ಯಾಯ. ಹಾಗೆ ಮಾಡಿ, ಅದರ ಕೆಳಗೆ ನನ್ನದೇ ಹೆಸರು ಹಾಕಿ, ಅದನ್ನು ದೊಣ್ಣೆ ಮಾಡಿಕೊಂಡು ಈ ಹೆಂಗಸಿನ ತಲೆಗೆ ಹೊಡೆಯುವುದು! ಹುಡುಗಿ ಬಿದ್ದು ಕೈ ಮುರಿದುಕೊಂಡದ್ದು ಯಾವ ವರದಿಗೂ ಸೇರಲಿಲ್ಲ. ಅವಳಿಗೆ ಮೊಟ್ಟೆ ಕೊಟ್ಟದ್ದು ಮಾತ್ರ ಅಪರಾಧವಾಗಿ ದಾಖಲಾಯಿತು.

ಪ್ರಕಾಶ್ ಅವರಿಗೆ ಫೋನ್ ಮಾಡಿದೆ. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅಣ್ಣ ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಮೇಡಂ, ನಮ್ಮ ವರದೀನ ಬೇರೆ ಇಲಾಖೆಯವರು ಯಾವುದಕ್ಕೆ ಬಳಸ್ಕೋತಾರೆ ಅನ್ನೋದು ನಮ್ ಕೈಲಿಲ್ಲ."

"ಅದನ್ನ ಸರಿ ಮಾಡೋದಾದ್ರೂ ನಿಮ್ ಕೈಲಿದೆಯಾ?"

"ಈ ಅವಧಿ ಕ್ಲೋಸ್ ಆಗಿದೆ. ಮುಂದಿನ ಸಲ ನೋಡೋಣ. ನೀವ್ ಯಾಕೆ ಇದನ್ನ ಪರ್ಸನಲ್ ಆಗಿ ತಗೋತೀರ?"

ಅವರ ಆ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು, ಅಣ್ಣ ಫೋನು ಕಿತ್ತುಕೊಂಡ.

ಅದೇ ಸಂಜೆ ಒಂದು ವಿಚಿತ್ರವಾಯಿತು. ಮುನಿಯಪ್ಪನವರು ಅಣ್ಣನಿಗೆ ಫೋನ್ ಮಾಡಿ, ಬಂದು ಕಂಬ ನಿಲ್ಲಿಸಿಕೊಳ್ಳಿ ಅಂದರು. ತಮ್ಮ ಬಾಗಿಲ ಮುಂದೆಯೇ ಬಸುರಿ ಬಿದ್ದದ್ದನ್ನು ನೋಡಿದ ದಿನದಿಂದ ಅವರ ಹೆಂಡತಿಗೆ ನಿದ್ದೆ ಇರಲಿಲ್ಲವಂತೆ. ಸಿಡಿಲು ಬಡಿದರೆ ಬಡೀಲಿ, ಆ ಹುಡುಗಿ ಇನ್ನೊಂದು ಸಲ ಬೀಳೋದು ಬೇಡ ಅಂದರಂತೆ. ಅಣ್ಣನಿಗೆ ಖುಷಿ. ನಾಳೆ ಬೆಳಿಗ್ಗೆಯೇ ಡಿಶ್ ಹಾಕಿ, ಅಂಗನವಾಡಿಗೆ ದುಡ್ಡು ತೆಗೆದುಕೊಳ್ಳದೆ ಕನೆಕ್ಷನ್ ಕೊಟ್ಟರೆ ಎಲ್ಲ ತಾಪತ್ರಯ ಮುಗಿಯಿತು ಅಂದ. ನಾವಿಬ್ಬರೂ ಸಾಮಾನು ಕಟ್ಟಿಕೊಂಡು ಬೆಳಿಗ್ಗೆ ಹುಣಸೇಕಟ್ಟೆಗೆ ಹೋದೆವು.

ಗೌರಮ್ಮ ಅಂಗನವಾಡಿಯ ಬಾಗಿಲಲ್ಲೇ ನಮ್ಮನ್ನು ತಡೆದರು. ಒಳಗೆ ಮಕ್ಕಳು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದವು.

"ಬೇಡ ಮೇಡಂ. ಈಗ ಹಾಕ್ಬೇಡಿ."

"ಯಾಕ್ರೀ?" ಎಂದ ಅಣ್ಣ. "ಫ್ರೀ ಆಗೇ ಕೊಡ್ತಿದೀವಿ."

"ಅಣ್ಣಾ, ಇವತ್ತು ನೀವು ಹಾಕಿದ್ರೆ ನಾಳೆ ಅವರು ಬಂದು ನೋಡ್ತಾರೆ. ನೋಡಿ, ಇದೆಯಲ್ಲ, ಮೊದ್ಲಿಂದಾನೂ ಇತ್ತು, ಇವಳೇ ಸುಳ್ಳು ಹೇಳಿದ್ದು ಅಂತಾರೆ. ಅವರ ಸುಳ್ಳನ್ನ ನೀವೇ ನಿಜ ಮಾಡಿಕೊಟ್ಟಂಗೆ ಆಗತ್ತೆ. ನಾನು ಕಳ್ಳಿಯಾಗೇ ಉಳೀತೀನಿ."

ಅಣ್ಣ ನನ್ನ ಮುಖ ನೋಡಿದ. ನನಗೂ ಅದು ಹೊಳೆದಿರಲಿಲ್ಲ. ಹೌದು, ನಾವು ಕೊಟ್ಟ ಮರುಕ್ಷಣವೇ ನಕ್ಷೆ ಸರಿಯಾಗಿಬಿಡುತ್ತದೆ.

"ವಿಚಾರಣೆ ಮುಗೀಲಿ," ಅಂದರು ಗೌರಮ್ಮ. "ಅಲ್ಲೀವರ್ಗೂ ನಾನು ಫೋನಿಗೆ ಮುಖ ತೋರಿಸ್ದೇನೇ ಕೊಡ್ತೀನಿ. ಹೆಂಗೂ ನೋಟಿಸ್ ಬಂದಾಗಿದೆ."

ಹಿಂದೆ ಬಂದು ನಿಂತಿದ್ದ ಸವಿತಾ, ಕೈಗೆ ಬಿಳೀ ಪಟ್ಟಿ ಕಟ್ಟಿಕೊಂಡವಳು, "ಟೀಚರ್ ಹೇಳೋದೇ ಸರಿ ಅಕ್ಕ," ಅಂದಳು. ಬಿಚ್ಚಿದ ಸಾಮಾನನ್ನು ಮತ್ತೆ ಕಟ್ಟಿಕೊಂಡು ನಾವು ವಾಪಸಾದೆವು. ದಾರಿಯುದ್ದಕ್ಕೂ ಅಣ್ಣ ಒಂದೇ ಗೊಣಗಾಟ. ಇಂಟರ್ನೆಟ್ ಬೇಡ ಅಂದ ಗಿರಾಕಿಯನ್ನು ತಾನು ಜೀವಮಾನದಲ್ಲೇ ನೋಡಿರಲಿಲ್ಲವಂತೆ. ಆದರೆ ಮನೆ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, "ವಿಚಾರಣೆಗೆ ನೀನೂ ಹೋಗು ಕಣೇ ಸುಧಾ," ಅಂದ. "ಲೈಸೆನ್ಸಿಗೆ ತೊಂದ್ರೆ ಆದ್ರೆ ಆಮೇಲೆ ನೋಡ್ಕೊಳ್ಳೋಣ."

ವಿಚಾರಣೆಯ ದಿನ ಬೆಳಿಗ್ಗೆಯಿಂದ ಜಡಿಮಳೆ. ಇಲಾಖೆಯ ಕಚೇರಿಯ ಕಾರಿಡಾರಿನಲ್ಲಿ ಕೊಡೆಗಳಿಂದ ನೀರು ಇಳಿದು ನೆಲವೆಲ್ಲ ಕೊಚ್ಚೆಯಾಗಿತ್ತು. ಗೌರಮ್ಮನವರ ಜೊತೆ ಕೆಳಬೀದಿಯ ಹೆಂಗಸರೂ ಬಂದಿದ್ದರು. ಯಾರೂ ಕರೆದಿರಲಿಲ್ಲ. ಗಾರ್ಮೆಂಟ್ಸಿಗೆ ರಜೆ ಹಾಕಿ, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದರು. ಜವಾನ ಇವರನ್ನು ಹೊರಗೆ ನಿಲ್ಲಿ ಎಂದು ಗದರಿದ. ಸವಿತಾ ಒಬ್ಬಳಿಗೆ ಒಂದು ಸ್ಟೂಲು ಕೊಟ್ಟ.

ಅಧಿಕಾರಿಣಿ ನನ್ನ ವಯಸ್ಸಿನವರೇ. ಕೆಟ್ಟವರಂತೆ ಕಾಣಲಿಲ್ಲ. ದಣಿದಿದ್ದರು, ಮೇಜಿನ ಮೇಲೆ ಇಂಥವೇ ಕಡತಗಳ ರಾಶಿ. ಗೌರಮ್ಮ ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದರು. ಅವರು ಕೇಳಿಸಿಕೊಂಡು, ಹಸಿರು ಬಣ್ಣದ ಒಂದು ನಕ್ಷೆಯನ್ನು ಮುಂದಕ್ಕೆ ತಳ್ಳಿದರು.

"ನೀವು ಹೇಳೋದು ನಂಬೋಣ ಅಂದ್ರೆ ಇದು ಬೇರೆ ಹೇಳತ್ತೆ ನೋಡಿ ಗೌರಮ್ಮ. ಪೂರ್ತಿ ಊರಿಗೆ ಇದೆ."

ನಾನು ಎದ್ದು ನಿಂತೆ. "ಮೇಡಂ, ಆ ನಕ್ಷೆ ಕೆಳಗೆ ಬರೆದಿರೋ ಕಂಪನಿ ನಮ್ಮದು. ಕೆಳಬೀದಿಗೆ ಇಲ್ಲ ಅಂತಾನೇ ನಾನು ವರದಿ ಕಳಿಸಿದ್ದು. ಇದು ಅದರ ಪ್ರತಿ."

ಅವರು ಪ್ರತಿಯನ್ನು ನೋಡಿ ಪಕ್ಕಕ್ಕಿಟ್ಟರು. "ನೋಡಿ ಮೇಡಂ, ನೀವು ಪ್ರೈವೇಟ್‌ನವರು. ಒಬ್ಬ ಪ್ರೈವೇಟ್‌ನವರ ಮಾತು ಕೇಳಿ ಸರ್ಕಾರದ ಮ್ಯಾಪ್ ತಪ್ಪು ಅನ್ನೋಕೆ ಆಗಲ್ಲ ನಂಗೆ."

"ಆ ಮ್ಯಾಪ್ ಹೇಳ್ತಿರೋದೂ ನನ್ನ ಮಾತೇ ಅಂತ ತಾನೇ ನೀವು ಬರೆದಿರೋದು? ನನ್ನ ಮಾತು ನಂಬಿ ಇವರಿಗೆ ನೋಟಿಸ್ ಕೊಟ್ರಿ. ಈಗ ನಾನೇ ಬಂದು ನಿಮ್ಮೆದುರಿಗೆ ನಿಂತು ಹೇಳಿದ್ರೆ ನಂಬಲ್ಲ. ಇವರನ್ನ ಕಳ್ಳಿ ಮಾಡೋವಾಗ ನಾನು ಅಧಿಕೃತ, ಇವರನ್ನ ಉಳಿಸೋವಾಗ ಪ್ರೈವೇಟಾ?"

ನನ್ನ ದನಿ ಕಾರಿಡಾರಿಗೂ ಕೇಳಿಸಿರಬೇಕು, ಹೊರಗಿನ ಗುಜುಗುಜು ನಿಂತಿತು. ಅಧಿಕಾರಿಣಿ ಬಾಗಿಲ ಕಡೆ ನೋಡಿದರು. ಬಾಗಿಲ ಸಂದಿಯಿಂದ ಸವಿತಾ ಕಾಣುತ್ತಿದ್ದಳು. ಹೊಟ್ಟೆಯ ಮೇಲೆ ಪಟ್ಟಿಯ ಕೈ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಅವರು ಅವಳನ್ನು ಒಳಗೆ ಕರೆಸಿದರು.

"ನಿಂಗೆ ರೇಷನ್ ಬಂತೇನಮ್ಮ?"

"ಬಂತು ಮೇಡಂ. ಮನೇಗೇ ತಂದ್ಕೊಟ್ರು. ಕೈ ಕಟ್ಟಿದ್ರಲ್ಲ, ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿದು ಕೊಟ್ಟು ಹೋದ್ರು."

ಅಧಿಕಾರಿಣಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಳುವಿಗೋ, ದಣಿವಿಗೋ, ನನಗೆ ತಿಳಿಯಲಿಲ್ಲ. ಆಮೇಲೆ ಪಕ್ಕದ ಗುಮಾಸ್ತನಿಗೆ ಆದೇಶ ಹೇಳಿ ಬರೆಸಿದರು. ತಾತ್ಕಾಲಿಕ ನೆಟ್‌ವರ್ಕ್ ತೊಂದರೆಯಿಂದಾಗಿ ಪರಿಶೀಲನೆ ಆಗಿಲ್ಲವಾದ್ದರಿಂದ ನೋಟಿಸನ್ನು ಹಿಂಪಡೆಯಲಾಗಿದೆ. ಪ್ರಿಂಟ್ ಬಂತು. ಸಹಿಗೆ ಗೌರಮ್ಮನವರ ಮುಂದಿಟ್ಟರು. ನನಗೆ ಜೀವ ಬಂದಂತಾಯಿತು.

ಗೌರಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ.

"ತಾತ್ಕಾಲಿಕ ಅಂತಿದೆ ಮೇಡಂ."

"ಅದೇನಾಗತ್ತೆ? ನೋಟಿಸ್ ಹೋಯ್ತಲ್ಲ."

"ಇತ್ತು, ನಾಲ್ಕು ದಿನ ಕೆಟ್ಟಿತ್ತು ಅಂತ ಆಗತ್ತೆ. ಅಲ್ಲಿ ಯಾವತ್ತೂ ಇರಲಿಲ್ಲ. ಇದ್ದಿದ್ರೆ ನಾನ್ಯಾಕೆ ಈ ಹುಡುಗೀನ ಆ ಕಲ್ಲಿನ ಮೇಲೆ ಹತ್ತಿಸ್ತಿದ್ದೆ?"

"ಏನಾದ್ರೂ ಒಂದು ಬರೀಬೇಕಲ್ಲಮ್ಮ ಫೈಲಿಗೆ!"

"ಇಲ್ಲ ಅಂತ ಬರೀರಿ."

ಕೆಲಸ ಹೋಗುತ್ತದೆಂದು ತಿಂಗಳಿಂದ ಅನ್ನ ಬಿಟ್ಟವರು, ಕೆಲಸ ಉಳಿಸುವ ಕಾಗದ ಮುಂದಿಟ್ಟರೆ ಒಂದು ಪದಕ್ಕಾಗಿ ಸಹಿ ಹಾಕುವುದಿಲ್ಲ ಎಂದು ನಿಂತಿದ್ದರು. ನಾನು ಅವರ ಮೊಣಕೈ ಹಿಡಿದು, ಹಾಕಿಬಿಡಿ ಎಂದು ಕಿವಿಯಲ್ಲಿ ಹೇಳಿದೆ. ಅವರು ನನ್ನ ಕೈ ಮೆಲ್ಲಗೆ ಸರಿಸಿದರು. ಗುಮಾಸ್ತ ಗಡಿಯಾರ ನೋಡಿದ. ಕೊನೆಗೆ ಅಧಿಕಾರಿಣಿ ಉಸಿರು ಬಿಟ್ಟು, "ಆ ಪದ ತೆಗೀರಿ," ಅಂದರು. ಇನ್ನೊಂದು ಪ್ರಿಂಟ್ ಬಂತು: ನೆಟ್‌ವರ್ಕ್ ಇಲ್ಲದ ಕಾರಣ. ಗೌರಮ್ಮ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು.

ಹೊರಗೆ ಬಂದಾಗ ಮಳೆ ಇನ್ನೂ ಹಾಗೇ ಇತ್ತು. ಹೆಂಗಸರೆಲ್ಲ ಅವರ ಸುತ್ತ ಮುತ್ತಿಕೊಂಡರು, ಯಾರೋ ಅಪ್ಪಿಕೊಂಡರು. ಎದುರಿನ ದರ್ಶಿನಿಯಲ್ಲಿ ನಿಂತು ಎಲ್ಲರೂ ಕಾಫಿ ಕುಡಿದೆವು. ಗೌರಮ್ಮ ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು, "ಈಗ ಹಾಕಿ ಮೇಡಂ ನಿಮ್ಮ ಡಿಶ್ಶು," ಅಂದರು. ಆ ಮಳೆಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಮಳೆ ಬಿಡುವ ತನಕ ಕಂಬ ಏರಿಸಲಾಗಲಿಲ್ಲ. ದೀಪಾವಳಿ ಕಳೆದ ಮೊದಲ ಸೋಮವಾರ ಕೆಳಬೀದಿಗೆ ನಮ್ಮ ಇಂಟರ್ನೆಟ್ ಹೋಯಿತು. ಅಷ್ಟರಲ್ಲಿ ಸವಿತಾಳಿಗೆ ಹೆಣ್ಣುಮಗು ಹುಟ್ಟಿತ್ತು. ಗೌರಮ್ಮ ಅಂಗನವಾಡಿಯೊಳಗೆ ಕೂತುಕೊಂಡೇ ಅವಳ ಮುಖ ಫೋನಿಗೆ ತೋರಿಸಿದರು. ಪರದೆಯ ಮೇಲಿನ ಚಕ್ರ ಒಂದೆರಡು ಸುತ್ತು ತಿರುಗಿ ನಿಂತಿತು. ಫೋನು ಇವಳು ಸವಿತಾಳೇ ಎಂದು ಒಪ್ಪಿತು. ಮುನಿಯಪ್ಪನವರ ಹೆಂಡತಿ ಅವತ್ತು ಎಲ್ಲರಿಗೂ ಕಜ್ಜಾಯ ಕೊಟ್ಟರು.

ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಉಳಿಯುತ್ತಿರಲಿಲ್ಲವೋ ಏನೋ. ಮುಂದಿನ ವರದಿಯ ಸಮಯ ಬಂತು. ಈ ಸಲ ಸುಳ್ಳಿಗೆ ಎಡೆಯಿಲ್ಲ, ಎರಡೂ ಬೀದಿಗೆ ಇದೆ. ಆದರೆ ಕೆಳಬೀದಿಗೆ ಸೇವೆ ಶುರುವಾದ ದಿನ ಯಾವುದು ಎಂಬಲ್ಲಿ ನಾನು ಆ ಸೋಮವಾರದ ತಾರೀಕು ಹಾಕಿದೆ. ವರದಿ ತಿರಸ್ಕೃತವಾಗಿ ವಾಪಸ್ ಬಂತು. ಸಂಜೆಗೆ ಪ್ರಕಾಶ್ ಅವರ ಫೋನು.

"ಮೇಡಂ, ಹೊಸ ತಾರೀಕು ಹಾಕಿದೀರ. ಸಿಸ್ಟಮ್‌ನಲ್ಲಿ ಆಲ್ರೆಡಿ ಅಲ್ಲಿ ಸೇವೆ ಇದೆ. ಹಳೇ ತಾರೀಕೇ ಹಾಕಿ ಕಳಿಸಿ."

"ಹಳೇ ತಾರೀಕಿಗೆ ಅಲ್ಲಿ ಸೇವೆ ಇರಲಿಲ್ಲ ಸಾರ್."

"ಈಗ ಇದೆಯಲ್ಲ? ಈಗ ಇರೋವಾಗ ಹಿಂದೆ ಇರಲಿಲ್ಲ ಅಂತ ಯಾಕೆ ಕೆದಕ್ತೀರ? ಯಾರಿಗೆ ಏನ್ ಉಪಯೋಗ?"

ಏನು ಉಪಯೋಗ! ಆ ತಾರೀಕು ಬಿಟ್ಟರೆ ಆ ಹುಡುಗಿ ಯಾಕೆ ಬಿದ್ದಳು ಎಂಬುದಕ್ಕೆ ಸರ್ಕಾರದ ಹತ್ತಿರ ಕಾರಣವೇ ಇರುವುದಿಲ್ಲ. ಬರಬೇಕಾಗಿದ್ದ ಸರ್ಕಾರದ ಕೇಬಲ್ ಯಾಕೆ ಬರಲಿಲ್ಲ ಎಂದು ಕೇಳುವವರೂ ಇರುವುದಿಲ್ಲ. ಅವರ ಲೆಕ್ಕದಲ್ಲಿ ಆ ಬೀದಿಗೆ ಇಂಟರ್ನೆಟ್ ಬಂದ ದಿನ ಅಂತಲೇ ಒಂದು ಇಲ್ಲ, ಅದು ಹುಟ್ಟಿದಾಗಿನಿಂದ ಇದ್ದದ್ದು. ಹಾಗಾದರೆ ಇಡೀ ಮಳೆಗಾಲ ನಾವೆಲ್ಲ ಯಾವುದಕ್ಕೆ ಬಡಿದಾಡಿದೆವು? ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಅದೇ ನಯವಾದ ದನಿಯಲ್ಲಿ, "ನಿಮ್ಮ ಲೈಸೆನ್ಸ್ ರಿನ್ಯೂವಲ್ ಯಾವಾಗ ಇದೆ ಮೇಡಂ?" ಅಂದರು.

ನಾನು ಫೋನಿಟ್ಟು ಅಣ್ಣನಿಗೆ ಹೇಳಿದೆ. ಅವನು ಆಗಷ್ಟೇ ಯಾವುದೋ ಟೆರೇಸಿನಿಂದ ಇಳಿದು ಬಂದಿದ್ದ. ಅಂಗಿಯ ತುಂಬ ತುಕ್ಕಿನ ಕಲೆ. ಕೈ ತೊಳೆದುಕೊಂಡು ಬಂದು ನನ್ನೆದುರು ಕೂತ. ಆ ಕಂಪನಿಯೇ ಅವನ ಬದುಕು ಎಂದು ನನಗೆ ಗೊತ್ತಿತ್ತು. ಅವನು ಹಳೇ ತಾರೀಕು ಹಾಕು ಅಂದಿದ್ದರೆ ಹಾಕುತ್ತಿದ್ದೆನೋ ಏನೋ, ಇಂದಿಗೂ ಹೇಳಲಾರೆ.

"ಗೌರಮ್ಮ ಒಂದು ಪದ ಬಿಡ್ಲಿಲ್ಲ ಅಂದೆಯಲ್ಲ," ಅಂದ. "ನಾವು ಒಂದು ತಾರೀಕು ಬಿಡೋದಾ?"

ಲೈಸೆನ್ಸ್ ರಿನ್ಯೂವಲ್‌ಗೆ ಸತಾಯಿಸಿದರು, ಆದರೆ ಕೊಟ್ಟರು. ಆಮೇಲೆ ದೊಡ್ಡ ಕಂಪನಿಗಳ ಕೇಬಲ್ ನಮ್ಮ ಗಿರಾಕಿಗಳ ಬಾಗಿಲಿಗೇ ಬಂತು, ನಾವು ಒಂದೊಂದೇ ಕಂಬ ಇಳಿಸಿದೆವು. ಅಲ್ಲಿಯವರೆಗೂ ಪ್ರತಿ ಮೂರು ತಿಂಗಳಿಗೊಮ್ಮೆ ನಾನು ವರದಿ ಕಳಿಸುತ್ತಿದ್ದೆ, ಹುಣಸೇಕಟ್ಟೆಯ ಕೆಳಬೀದಿಯ ಮುಂದೆ ಅದೇ ಸೋಮವಾರ. ಪ್ರತಿ ಸಲ ಅದೊಂದು ಸಾಲು ಕೆಂಪಾಗಿ ವಾಪಸ್ ಬರುತ್ತಿತ್ತು.

"ಮತ್ತೆ ಬಂದಿದೆ ಕಣೇ," ಅನ್ನುತ್ತಿದ್ದ ಅಣ್ಣ, ಕಂಪ್ಯೂಟರ್ ನೋಡಿ.

"ಮತ್ತೆ ಕಳಿಸು," ಅನ್ನುತ್ತಿದ್ದೆ.